ನಾಲ್ಕನೆಯ ಕಾಲು

ನಮ್ಮ ಕಾಕಾ ಬಂದು ಹೋದ ಮೇಲೆ ನಾವು ಮನೆಯ ಚಮಚಗಳನ್ನು ಎಣಿಸುತ್ತೇವೆ. ಇಷ್ಟು ಓದಿದ್ದೇ ತಡ, ಅವರನ್ನು ಕಳ್ಳರೆಂದು ತಿಳಿಯಬೇಡಿ. ಕಳ್ಳನ ವ್ಯವಹಾರ ಸರಳವಾದದ್ದು. ಅವನು ಒಯ್ಯುತ್ತಾನೆ, ಒಯ್ದದ್ದನ್ನು ಮರಳಿ ತರುವುದಿಲ್ಲ; ಎರಡೂ ಕಡೆಯವರು ಅಳುವುದನ್ನು ಅತ್ತು, ನಗುವುದನ್ನು ನಕ್ಕು ಸುಮ್ಮನಾಗುತ್ತಾರೆ. ನಮ್ಮ ಕಾಕಾ ಮರಳಿ ತರುತ್ತಾರೆ. ನಮ್ಮ ಭಯವೆಲ್ಲ ಅದರದೇ.

ಒಮ್ಮೆ ಹೀಗೆ ಕಾಣೆಯಾದ ಚಮಚವೊಂದನ್ನು ನಾಲ್ಕು ದಿನ ಬಿಟ್ಟು, ಕಾಗದದಲ್ಲಿ ಸುತ್ತಿ, ಮದುವೆಯ ಉಡುಗೊರೆಯಂತೆ ನನ್ನ ಹೆಂಡತಿಯ ಕೈಗಿಟ್ಟರು. ಅದರ ಹಿಡಿಕೆಯನ್ನು ಕೊಕ್ಕೆಯ ಹಾಗೆ ಬಗ್ಗಿಸಿದ್ದರು.

"ಚಮಚಾ ಸಾರಿನ್ಯಾಗ ಮುಳಗತದೋ ಇಲ್ಲೊ? ಅದನ್ನ ತಗ್ಯಾಕ ಮತ್ತೊಂದ ಚಮಚಾ. ಇದೆಂಥಾ ಕಾರಭಾರ? ಈಗ ನೋಡು, ಪಾತೇಲಿ ಅಂಚಿಗೆ ಗಟ್ಟಿ ಹಿಡಕೊಂಡ ನಿಲ್ಲತದ."

"ಕಾಕಾ, ಇದರ್ಲೆ ಉಣ್ಣೂದು ಹ್ಯಾಂಗ್ರಿ?" ಎಂದಳು ನನ್ನ ಹೆಂಡತಿ.

"ಉಣ್ಣಾಕ ಬ್ಯಾರೆ ಚಮಚಾ ತಗೋ."

ಚಮಚ ಪಾತೇಲಿಯ ಅಂಚಿಗೆ ನಿಜಕ್ಕೂ ಗಟ್ಟಿಯಾಗಿ ನಿಂತಿತು. ಬಾಯಿಗೆ ಮಾತ್ರ ಬರಲೊಲ್ಲದು. ಅಂದಿನಿಂದ ಅದು ನಮ್ಮ ದೇವರ ಮನೆಯ ಗೂಟಕ್ಕೆ ಜೋತು ಬಿದ್ದಿದೆ. ಮಾಡಲು ಕೆಲಸವಿಲ್ಲದವರಿಗೆಲ್ಲ ಕೊನೆಗೆ ಅಲ್ಲೇ ಆಸರೆ.

ಕಾಕಾ ಎಂದರೆ ನಮ್ಮ ಅಪ್ಪನ ಬೆನ್ನಿಗೆ ಬಿದ್ದ ತಮ್ಮ. ಬೆಂಗೇರಿಯಲ್ಲಿ ಮನೆ. ಆಯುಷ್ಯವನ್ನೆಲ್ಲ ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಯಲ್ಲಿ ಮರದ ಅಚ್ಚು ಮಾಡುವುದರಲ್ಲಿ ಕಳೆದರು. ಕಬ್ಬಿಣದ ಯಾವುದೇ ಭಾಗವನ್ನು ಎರಕ ಹೊಯ್ಯುವ ಮೊದಲು ಅದರ ಪಡಿಯಚ್ಚನ್ನು ಮರದಲ್ಲಿ ಕಡೆಯಬೇಕು. ಕೂದಲೆಳೆಯಷ್ಟು ಹೆಚ್ಚು ಕಡಿಮೆ ಆಗಬಾರದು. ಬೇರೆ ಯಾರೋ ಗೀಚಿದ ನಕ್ಷೆಗೆ ತಲೆಬಾಗಿ ಮೂವತ್ತು ಚಿಲ್ಲರೆ ವರ್ಷ ದುಡಿದ ಈ ಮನುಷ್ಯ, ನಿವೃತ್ತರಾದ ಮರುದಿನ ಬೆಳಿಗ್ಗೆ ಎದ್ದು ತಮ್ಮ ಹಲ್ಲುಜ್ಜುವ ಬ್ರಶ್ಶನ್ನು ಬಹಳ ಹೊತ್ತು ಸಂಶಯದಿಂದ ನೋಡಿದರಂತೆ. ಅಲ್ಲಿಂದ ಶುರು.

ಅವರ ಸಿದ್ಧಾಂತ ಹೀಗಿದೆ: ಜಗತ್ತಿನ ಪ್ರತಿಯೊಂದು ವಸ್ತುವನ್ನೂ ಮೊಟ್ಟಮೊದಲು ಮಾಡಿದವನು ಒಬ್ಬ ಸೋಮಾರಿ. ಸಂಜೆಯಾಗಿತ್ತು, ಅವನಿಗೆ ಮನೆಗೆ ಹೋಗುವ ಅವಸರವಿತ್ತು, 'ನಡೀತದ ತಗೋ' ಎಂದು ಬಿಟ್ಟು ಹೋದ. ಆಮೇಲೆ ಬಂದವರೆಲ್ಲ ಅವನ ತಪ್ಪನ್ನು ಮುಚ್ಚಿ ಹಾಕುತ್ತ ಬಂದಿದ್ದಾರೆ. ಅಂಗಿಯ ಕಿಸೆ ಎದೆಯ ಮೇಲೆ ಏಕಿದೆ? ಬಗ್ಗಿದರೆ ಎಲ್ಲ ಬೀಳಲಿ ಎಂದು. ಛತ್ರಿಯ ಅಂಚಿನಿಂದ ನೀರು ಸುತ್ತಲೂ ಏಕೆ ಸುರಿಯುತ್ತದೆ? ಹಿಡಿದವನ ಬೆನ್ನು ತೋಯಲಿ ಎಂದು. ಕಾಕಾರ ಕಣ್ಣಿಗೆ ನಮ್ಮ ಮನೆಯೆಂಬುದು ಒಂದು ದೊಡ್ಡ ಸಂಚು. ನಾವು ತಿಳಿಗೇಡಿಗಳು ಅದರೊಳಗೆ ನಿಶ್ಚಿಂತೆಯಿಂದ ಉಂಡು ಮಲಗುತ್ತಿದ್ದೇವೆ.

ಅವರ ಸ್ಕೂಟರಿನ ಹಾರ್ನು ಹಿಂದುಗಡೆ ಇದೆ. ನಂಬರಿನ ಫಲಕದ ಮೇಲೆ, ಹಿಂದಕ್ಕೆ ಮುಖ ಮಾಡಿ ಕೂತಿದೆ. ಒಮ್ಮೆ ಪೇಟೆಯ ನಡುವೆ ಒಬ್ಬ ಪೊಲೀಸ್ ಅವರನ್ನು ನಿಲ್ಲಿಸಿದ.

"ಯಜಮಾನ್ರ, ಹಾರ್ನ್ ಹಿಂದ ಹಾಕ್ಕೊಂಡ ತಿರಗತೀರಲ್ರಿ. ಮುಂದ ಅಡ್ಡ ಬಂದವರಿಗೆ ಏನ ಮಾಡ್ತೀರಿ?"

"ಮುಂದಿನವರು ನನಗ ಕಾಣಸ್ತಾರಪಾ. ನಾ ನಿಲ್ಲತೇನಿ. ಹಿಂದಿನವಗ ನಾ ಕಾಣಸ್ತೇನಿ, ಆದ್ರೂ ಅಂವಾ ಹಾರ್ನ್ ಹೊಡಕೋತನ ಬರ್ತಾನ. ಅವಗ ಯಾರರ ಒಬ್ಬರು ತಿರುಗಿ ಉತ್ತರಾ ಕೊಡಬೇಕೋ ಬ್ಯಾಡೋ?"

ಪೊಲೀಸ್ ಪಕ್ಕಕ್ಕೆ ಸರಿದು, "ಹೋಗ್ರಿ" ಎಂದನಂತೆ. ಮುಂದೆ ಹೋಗಿ ಕಾಕಾ ತಿರುಗಿ ನೋಡಿದಾಗ ಅವನು ತನ್ನ ಸೀಟಿಯನ್ನು ಅಂಗೈಯಲ್ಲಿ ಇಟ್ಟುಕೊಂಡು ತಿರುವಿ ತಿರುವಿ ನೋಡುತ್ತಿದ್ದನಂತೆ. ಇದು ಅಂಟುರೋಗ ಎಂದು ನಾನು ಅಂದೇ ನಿಶ್ಚಯಿಸಿದೆ.

ಇನ್ನು ಕಾಕಾರ ಹೆಂಡತಿ, ನಮ್ಮ ಕಾಕು ಅವರ ಕಥೆ. ರೊಟ್ಟಿ ಬಡಿಯುವಾಗ ಕೈಯಿಂದ ರೊಟ್ಟಿಯನ್ನು ತಿರುಗಿಸುತ್ತ ತಿರುಗಿಸುತ್ತ ಬಡಿಯಬೇಕಷ್ಟೇ? ಎರಡು ಕೆಲಸವನ್ನು ಒಂದೇ ಕೈಗೆ ಹಚ್ಚಿದ ಆ ಆದಿಸೋಮಾರಿಯನ್ನು ಮನಸಾರೆ ಬೈದು, ಕಾಕಾ ರೊಟ್ಟಿ ಬಡಿಯುವ ಹಲಗೆಯ ಕೆಳಗೆ ಹಳೆಯ ಸ್ಕೂಟರಿನ ಬೇರಿಂಗ್ ಕೂಡಿಸಿದರು. ಹಲಗೆ ಬೆರಳು ಮುಟ್ಟಿಸಿದರೆ ಸಾಕು, ಗಿರಗಿರನೆ ತಿರುಗುತ್ತಿತ್ತು. ಕಾಕು ಹಿಟ್ಟಿನ ಮುದ್ದೆ ಇಟ್ಟು ಮೊದಲನೆಯ ಪೆಟ್ಟು ಹಾಕಿದರು. ಎರಡನೆಯದು ಹಾಕಿದರು. ಮೂರನೆಯದಕ್ಕೆ ರೊಟ್ಟಿ ಹಲಗೆಯನ್ನು ತೊರೆದು ಎದುರು ಗೋಡೆಯ ಕ್ಯಾಲೆಂಡರಿಗೆ ಹೋಗಿ ಅಂಟಿತು. ಆ ತಿಂಗಳ ಏಕಾದಶಿ ಎಂದೆಂಬುದು ಆ ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ.

"ಮನ್ಯಾಗ ಒಂದ ಬಿಟ್ಟಾರ ನೋಡ್ರಿ, ನನ್ನ" ಎಂದು ಕಾಕು ನಮ್ಮೆದುರು ಹೇಳಿದರು. "ನನಗ ಸ್ಕ್ರೂ ಇಲ್ಲಂತ ಬಿಟ್ಟಾರ."

ಇವನ್ನೆಲ್ಲ ನಾವು ತಾಳಿಕೊಂಡಿದ್ದೆವು. ಆದರೆ ನಮ್ಮ ಮನೆಯಲ್ಲಿ ಒಂದು ವಸ್ತುವಿದೆ, ಅದಕ್ಕೆ ಮಾತ್ರ ಕಾಕಾರ ಕೈ ತಾಗಬಾರದು ಎಂದು ಮನೆಮಂದಿಯೆಲ್ಲ ಒಮ್ಮತದಿಂದ ಠರಾವು ಮಾಡಿದ್ದೆವು. ಅದು ಅಪ್ಪನ ಕುರ್ಚಿ.

ವಿದ್ಯಾನಗರದ ನಮ್ಮ ಮನೆಯ ಪಡಸಾಲೆಯಲ್ಲಿ, ಕಿಟಕಿಯ ಬದಿಗೆ ಅದರ ಸ್ಥಾನ. ಸಾಗವಾನಿಯದು, ಎರಡೂ ಕಡೆ ಕೈಗಳಿರುವುದು, ಭಾರವಾದದ್ದು. ಹಿಂದಿನ ಎಡಗಾಲು ತುಸು ಗಿಡ್ಡ. ಹಾಗಾಗಿ ಯಾರಾದರೂ ಕೂತರೆ 'ಕಟಕ್' ಎನ್ನುತ್ತದೆ. ಎದ್ದರೆ 'ಟಕ್' ಎಂದು ಮೊದಲಿನ ಜಾಗಕ್ಕೆ ಬರುತ್ತದೆ. ಅಪ್ಪ ಇದ್ದಾಗ ಸಂಜೆ ಐದಕ್ಕೆ ಬಂದು ಅದರಲ್ಲಿ ಕೂಡುತ್ತಿದ್ದರು. ಕಟಕ್. ಅಡುಗೆಮನೆಯಲ್ಲಿದ್ದ ಅವ್ವ ಚಹಾಕ್ಕೆ ನೀರು ಇಡುತ್ತಿದ್ದಳು. 'ಚಹಾ ಮಾಡು' ಎಂದು ಅಪ್ಪ ಬಾಯಿಬಿಟ್ಟು ಹೇಳಿದ್ದನ್ನು ನಾನು ಒಮ್ಮೆಯೂ ಕೇಳಿಲ್ಲ. ಚಹಾ ಕುಡಿದು, ಪೇಪರು ಮಡಿಸಿಟ್ಟು ಅವರು ಏಳುತ್ತಿದ್ದರು. ಟಕ್. "ಹೊಂಟ್ರೇನು?" ಎಂದು ಅವ್ವ ಒಳಗಿನಿಂದಲೇ ಕೇಳುತ್ತಿದ್ದಳು. ಅವರ ಸಂಸಾರದ ಅರ್ಧ ಮಾತುಕತೆಯನ್ನು ಆ ಗಿಡ್ಡ ಕಾಲೇ ನಡೆಸಿಕೊಂಡು ಹೋಗಿತ್ತು.

ಅಪ್ಪ ಹೋಗಿ ಆರು ವರ್ಷವಾಯಿತು. ಆ ಕುರ್ಚಿಯಲ್ಲಿ ಯಾರೂ ಕೂಡುವುದಿಲ್ಲ. ಕೂಡಬಾರದೆಂದು ಯಾರೂ ಹೇಳಿಲ್ಲ, ಆದರೂ ಕೂಡುವುದಿಲ್ಲ. ಸಂಜೆ ಐದರ ಸುಮಾರಿಗೆ ಅವ್ವ ಒಂದು ಹಳೆಯ ಬಟ್ಟೆ ಹಿಡಿದುಕೊಂಡು ಬಂದು ಅದರ ಧೂಳು ಒರೆಸುತ್ತಾಳೆ. ಒರೆಸುತ್ತ ಒರೆಸುತ್ತ ಕುರ್ಚಿಯ ಕೈಯ ಮೇಲೆ ಭಾರ ಹಾಕಿ ಒಮ್ಮೆ ಒತ್ತುತ್ತಾಳೆ. ಕಟಕ್. ಆಮೇಲೆ ಒಳಗೆ ಹೋಗಿ ಚಹಾಕ್ಕೆ ಇಡುತ್ತಾಳೆ. ಒಂದು ದಿನ ನನ್ನ ಹೆಂಡತಿ, ಮುದುಕಿಗೆ ಏಕೆ ತ್ರಾಸೆಂದು ತಾನೇ ಮೊದಲು ಒರೆಸಿಟ್ಟಳು. ಅವ್ವ ಬಂದು ನೋಡಿ, "ಮತ್ತ ಕುಂತದ ನೋಡ ಧೂಳಾ" ಎಂದು ಇನ್ನೊಮ್ಮೆ ಒರೆಸಿದಳು. ಆ ಧೂಳು ನಮಗೆ ಯಾರಿಗೂ ಕಾಣಲಿಲ್ಲ. ನಾವೂ ಅದರ ವಿಷಯ ಎತ್ತಲಿಲ್ಲ.

ಇಂಥ ಕುರ್ಚಿಯ ಮೇಲೆ ಕಾಕಾರ ಕಣ್ಣು. ಒಂದು ದಿನ ಅತ್ತಿಗೆಯಾದ ಅವ್ವನ ಎದುರೇ ಮಾತು ತೆಗೆದರು.

"ವೈನಿ, ಈ ಖುರ್ಚಿ ಅಲ್ಲಾಡ್ತದರಿ."

"ಅಲ್ಲಾಡವಲ್ದ್ಯಾಕ, ಬಿಡು."

"ಹಂಗಲ್ರಿ. ಆಕಳಿಗೆ ನಾಕ ಕಾಲ ಬೇಕು, ಅದು ಮೇಯಾಕ ಹೋಗ್ತದ. ಖುರ್ಚಿ ಎಲ್ಲಿಗೆ ಹೋಗೂದೈತಿ? ಮೂರ ಕಾಲಿನ ಸಾಮಾನ ಎಂದರ ಅಲ್ಲಾಡಿದ್ದ ನೋಡೀರೇನು? ಯಾವತ್ತಿದ್ರೂ ನಾಕನೇ ಕಾಲ ಜಗಳಗಂಟ."

"ನಿನಗ ಎರಡ ಕಾಲ ಅದಾವ. ನೀ ಎಲ್ಲಿ ಒಂದ ಕಡೆ ನಿಲ್ಲತಿ?" ಎಂದು ಅವ್ವ ಮಾತು ಮುಗಿಸಿದಳು.

ಮಾತು ಮುಗಿಯಿತು, ಕಾಕಾರ ಆಸೆ ಮುಗಿಯಲಿಲ್ಲ. ಒಂದು ರವಿವಾರ ನಾನು ಸಂತೆಯಿಂದ ಬಂದು ನೋಡಿದರೆ ಅಪ್ಪನ ಕುರ್ಚಿಯ ಕೆಳಗಿನಿಂದ ಎರಡು ಪಾದಗಳು ಹೊರಗೆ ಚಾಚಿದ್ದವು. ಪರಿಚಿತವಾದ ಪಾದಗಳೇ.

"ಕಾಕಾ, ಏನ ಮಾಡಾಕತ್ತೀರಿ?"

"ಮಾತಾಡ್ಸಾಕತ್ತೇನಿ."

ಒಂದು ಪೋಸ್ಟ್‌ಕಾರ್ಡನ್ನು ಮಡಿಚಿ, ಗಿಡ್ಡ ಕಾಲಿನ ಕೆಳಗೆ ತೂರಿಸಿ, ತೆಗೆದು, ಮತ್ತೆ ಮಡಿಚಿ ತೂರಿಸಿ ನೋಡುತ್ತಿದ್ದರು. ಆಮೇಲೆ ಎದ್ದು ನೆಲದ ಮೇಲೇ ಕೂತು, ಕಣ್ಣು ಮುಚ್ಚಿ, ಕುರ್ಚಿಯ ಕೈ ಒತ್ತಿ, ಎದೆಯ ಸಪ್ಪಳ ಕೇಳುವ ಡಾಕ್ಟರರಂತೆ ಕಿವಿಗೊಟ್ಟರು. ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ಏನೋ ಬರೆದುಕೊಂಡರು. ಏನೆಂದು ಕೇಳಿದರೆ ಬುಕ್ಕನ್ನು ಕಿಸೆಗೆ ಹಾಕಿದರು. ಕಟುಕ ಕುರಿಯ ಬೆನ್ನು ಸವರುವುದನ್ನು ನೋಡಿದವರಿಗೆ ಅಂದು ನನಗೆ ಏನನ್ನಿಸಿತೆಂದು ಹೇಳಬೇಕಾಗಿಲ್ಲ.

ಅಂದಿನಿಂದ ಕಾಕಾರನ್ನು ಪಡಸಾಲೆಯಲ್ಲಿ ಒಬ್ಬರನ್ನೇ ಬಿಡಲಿಲ್ಲ. ಅವರ ಸ್ಕೂಟರಿನ ಸಪ್ಪಳ ಕೇಳಿದೊಡನೆ ಕುರ್ಚಿಗೆ ಚಾದರ ಹೊದಿಸಿ, ಚಾದರದ ಮೇಲೆ ಒಣಗಿದ ಬಟ್ಟೆಗಳ ರಾಶಿ ಹಾಕುತ್ತಿದ್ದೆವು. "ಏನಿದು, ಮದುಮಗಳಿಗೆ ಹಾಕಿದಂಗ ಮುಸುಕ ಹಾಕೀರಿ" ಎಂದು ಅವರು ನಗುತ್ತಿದ್ದರು. ನಾವು ನಗುತ್ತಿರಲಿಲ್ಲ. ನಾನು ಚಹಾ ಕುಡಿಯಲು ಒಳಗೆ ಹೋದರೆ ಹೆಂಡತಿ ಹೊರಗೆ ಬಂದು ಕೂಡುತ್ತಿದ್ದಳು. ಬ್ಯಾಂಕಿನ ಬಾಗಿಲಿಗೂ ಅಷ್ಟು ಶಿಸ್ತಿನ ಪಹರೆ ಇರಲಿಕ್ಕಿಲ್ಲ.

ಇಷ್ಟು ಕಾಯ್ದ ಕುರ್ಚಿಯನ್ನು ಕೊನೆಗೆ ಮುರಿದವನು ನಾನು.

ಅವ್ವ ಎಂಟು ದಿನದ ಮಟ್ಟಿಗೆ ಧಾರವಾಡಕ್ಕೆ, ನಮ್ಮ ಅಕ್ಕನ ಮನೆಗೆ ಹೋಗಿದ್ದಳು. ಪಡಸಾಲೆಯ ಗಡಿಯಾರ ನಿಂತಿತ್ತು, ಸೆಲ್ ಬದಲಿಸಬೇಕಾಗಿತ್ತು. ಮನೆಯಲ್ಲಿ ಸ್ಟೂಲ್ ಇಲ್ಲವೆ ಎಂದು ನೀವು ಕೇಳಬಹುದು. ಇದೆ. ಆದರೆ ಅದನ್ನು ಕಾಕಾ ಸುಧಾರಿಸಿದ್ದಾರೆ. ಆದ್ದರಿಂದ ಅದರ ಮೇಲೆ ಈಗ ತುಳಸಿಯ ಕುಂಡ ಮಾತ್ರ ನಿಲ್ಲುತ್ತದೆ. ಹೈಸ್ಕೂಲಿನಲ್ಲಿ ಮಕ್ಕಳಿಗೆ ಇಪ್ಪತ್ತೈದು ವರ್ಷದಿಂದ ಎಚ್ಚರಿಕೆಯ ಪಾಠ ಹೇಳಿದ ನಾನು ಚಪ್ಪಲಿ ಕಳಚಿಟ್ಟು, ಮನಸ್ಸಿನಲ್ಲೇ ಅಪ್ಪನ ಕ್ಷಮೆ ಕೇಳಿ, ಕುರ್ಚಿಯ ಮೇಲೆ ಹತ್ತಿದೆ. ಕಟಕ್ ಎಂದಿತು. ಸೆಲ್ ಹಾಕಿದೆ. ಗಡಿಯಾರ ನಡೆಯಿತು. ಇಳಿಯಲು ಹೊರಳಿದೆ. ಈ ಸಲ ಕುರ್ಚಿ ಬೇರೊಂದು ಸಪ್ಪಳ ಮಾಡಿತು.

ಹಿಂದಿನ ಎಡಗಾಲು ಬುಡದಲ್ಲಿ ಕಿತ್ತು, ನೆಲದ ಮೇಲೆ ಬಿದ್ದಿತ್ತು.

ಮೊಣಕಾಲು ತಿಕ್ಕಿಕೊಳ್ಳುತ್ತ ಕೂತ ನನ್ನನ್ನು ಹೆಂಡತಿ ಎತ್ತಲಿಲ್ಲ. ಮೊದಲು ಕಾಲನ್ನು ಎತ್ತಿದಳು. "ಅತ್ತಿಯವರಿಗೆ ಏನ ಹೇಳ್ತೀರಿ?" ಎಂದಳು. ಅವ್ವ ಬರಲು ಇನ್ನು ಆರೇ ದಿನ ಇದ್ದವು.

ಮರುದಿನ ಒಬ್ಬ ಬಡಿಗನನ್ನು ಕರೆದು ತೋರಿಸಿದೆ. ಅವನು ಧೈರ್ಯ ಹೇಳಿದ. "ಚಿಂತಿ ಬಿಡ್ರಿ ಸರ. ಅಂಟ ಹಾಕಿ, ಸ್ಕ್ರೂ ಬಿಗದು, ನಾಕೂ ಕಾಲ ಸಮಾ ಮಾಡಿಕೊಡ್ತೇನಿ. ಆನಿ ಕುಂತ್ರೂ ಅಲ್ಲಾಡಂಗಿಲ್ಲ."

"ಅಲ್ಲಾಡಬೇಕಪಾ" ಎಂದೆ.

ಅವನು ನನ್ನ ಮುಖ ನೋಡಿದ. ಆಮೇಲೆ ನನ್ನ ಹೆಂಡತಿಯ ಮುಖ ನೋಡಿದ.

"ಅಲ್ಲಾಡಬೇಕು, ಕಟಕ್ ಅನ್ನಬೇಕು. ಮೊದಲ ಹ್ಯಾಂಗ ಅಂತಿತ್ತೋ ಹಂಗ."

"ಅಲ್ಲಾಡೂವಂಗ ಮಾಡೂದ ನಾ ಕಲತಿಲ್ರಿ ಸರ" ಎಂದು ಉಪಕರಣದ ಚೀಲವನ್ನು ಹೆಗಲಿಗೆ ಹಾಕಿಕೊಂಡು ನಡೆದುಬಿಟ್ಟ. ನಾನು ಇಷ್ಟು ವರ್ಷ ಕಾಕಾರನ್ನು ಯಾವ ದೃಷ್ಟಿಯಿಂದ ನೋಡುತ್ತ ಬಂದಿದ್ದೆನೋ, ಹೋಗುವಾಗ ಅವನು ನನ್ನನ್ನು ಅದೇ ದೃಷ್ಟಿಯಿಂದ ನೋಡಿದ.

"ಕಾಕಾಗ ಫೋನ್ ಮಾಡ್ರಿ" ಎಂದಳು ಹೆಂಡತಿ.

"ಮೂರ ಕಾಲ ಮಾಡಿ ತರ್ತಾರ."

"ಈಗೂ ಮೂರ ಅದಾವಲ್ರಿ."

ಫೋನ್ ಮಾಡಿದೆ. ಕಾಕಾ ಅರ್ಧ ತಾಸಿನಲ್ಲಿ ಬಂದರು. ಅಷ್ಟು ವರ್ಷ ಕಾದ ಬೇಟೆ ತಾನಾಗಿ ಎದುರಿಗೆ ಬಿದ್ದಿತ್ತು. ಬೇರೆ ಯಾರಾದರೂ ಆಗಿದ್ದರೆ ಒಂದಾದರೂ ಮಾತು ಆಡುತ್ತಿದ್ದರು. ಅವರು ಏನೂ ಆಡಲಿಲ್ಲ. ಮುರಿದ ಕಾಲನ್ನು ಎತ್ತಿ, ಕಿತ್ತ ಜಾಗವನ್ನು ಹೆಬ್ಬೆರಳಿನಿಂದ ಸವರಿ, ಒಂದು ಟವೆಲ್ಲಿನಲ್ಲಿ ಸುತ್ತಿದರು. ಆ ಮೌನ ನನಗೆ ಸರಿ ಬರಲಿಲ್ಲ. ನಾನು ಷರತ್ತುಗಳನ್ನು ಹಾಕತೊಡಗಿದೆ.

"ಕಾಕಾ, ಕಾಲ ನಾಕ ಇರಬೇಕ್ರಿ."

"ಆತು."

"ಗಾಲಿ ಬ್ಯಾಡ. ಸ್ಪ್ರಿಂಗ್ ಬ್ಯಾಡ. ಬೇರಿಂಗ್ ಅಂತೂ ಮದಲ ಬ್ಯಾಡ."

"ಆತು."

"ಅವ್ವ ಮಂಗಳವಾರ ಸಂಜಿಗೆ ಬರ್ತಾಳ. ಆಕಿಗೆ ಗೊತ್ತಾಗಬಾರದು."

"ಆತಪಾ ಮಾಸ್ತರ."

ಮೂರು ಸಲ 'ಆತು' ಎಂದರು. ಹುಟ್ಟಿದಾಗಿನಿಂದ ಅವರು ಯಾರ ಮಾತಿಗೂ ಒಂದು ಸಲವೂ 'ಆತು' ಎಂದಿದ್ದು ನನಗೆ ನೆನಪಿಲ್ಲ. ಕುರ್ಚಿಯನ್ನು ಹೊತ್ತ ಟಂಟಂ ಗಾಡಿ ಓಣಿಯ ತಿರುವು ದಾಟಿ ಹೋಗುವುದನ್ನು ನೋಡುತ್ತ ನಿಂತಾಗ, ಇನ್ನು ಇದರ ಮುಖವನ್ನು ನಾನು ನೋಡಿದಂತೆಯೇ ಎಂದುಕೊಂಡೆ.

ಮೂರನೆಯ ದಿನ ತಡೆಯಲಾಗದೆ ಬೆಂಗೇರಿಗೆ ಹೋದೆ. ಹಿತ್ತಲಿನ ತಗಡಿನ ಶೆಡ್ಡೇ ಕಾಕಾರ ಕಾರ್ಖಾನೆ. ಬಾಗಿಲಿಗೆ ಒಳಗಿನಿಂದ ಅಗಳಿ ಹಾಕಿತ್ತು. ಕಾಕು ಕಟ್ಟೆಯ ಮೇಲೆ ಮೆಂತ್ಯದ ಸೊಪ್ಪು ಸೋಸುತ್ತಿದ್ದರು.

"ಏನ ಮಾಡಾಕತ್ತಾರ್ರಿ ಕಾಕು?"

"ಕುಂದರ್ತಾರ, ಏಳ್ತಾರ. ಕುಂದರ್ತಾರ, ಏಳ್ತಾರ. ಸಾಲ್ಯಾಗ ಮಾಸ್ತರು ಶಿಕ್ಷಾ ಕೊಟ್ಟಂಗ. ನಿನ್ನೆ ಊಟಕ್ಕ ಕರದ್ರ, 'ಮಾತಾಡಬ್ಯಾಡ, ಕಿವಿ ಕೆಡತದ' ಅಂದ್ರು. ನನ್ನ ಮಾತಿಗೆ ಕಿವಿ ಕೆಡತಾವಂತ ಮದಲಿಂದನೂ ಹೇಳ್ತಿದ್ರು, ಅದ ಬಿಡು."

ಬಾಗಿಲಿಗೆ ಕಿವಿ ಹಚ್ಚಿದೆ. ಒಳಗೆ ಅರದಿಂದ ಮರ ತಿಕ್ಕುವ ಸಪ್ಪಳ. ನಂತರ 'ಟಪ್'. ನಂತರ ಕಾಕಾರ ದನಿ: "ಅಲ್ಲ." ಮತ್ತೆ ತಿಕ್ಕುವುದು. 'ಟೊಕ್'. "ಇದೂ ಅಲ್ಲ." ನಾನು ಬಾಗಿಲು ಬಡಿದೆ. "ಹೋಗು" ಎಂದರು. ಸ್ಪ್ರಿಂಗ್ ಹಾಕಿದ್ದಾರೆ ಎಂದು ನನಗೆ ಖಾತ್ರಿಯಾಯಿತು. ಅವ್ವ ಕುರ್ಚಿಯ ಕೈ ಒತ್ತಿದೊಡನೆ ಅದು ಮೇಲೆ ಹಾರಿ ಗಡಿಯಾರಕ್ಕೆ ಬಡಿಯುವ ದೃಶ್ಯ ಕಣ್ಣಿಗೆ ಕಟ್ಟಿತು.

ಮಂಗಳವಾರ ಮಧ್ಯಾಹ್ನ ಕುರ್ಚಿ ಬಂತು. ಕಾಕಾ ತಾವೇ ಅದನ್ನು ಕಿಟಕಿಯ ಬದಿಗೆ, ನೆಲದ ಮೇಲಿನ ಹಳೆಯ ಕಲೆಗಳಿಗೆ ಕಾಲು ಹೊಂದಿಸಿ ಇಟ್ಟರು. ನಾನು ಬ್ಯಾಟರಿ ಹಿಡಿದು ಕೆಳಗೆ ಮಲಗಿದೆ. ಹಿಂದೊಮ್ಮೆ ಕಾಕಾರ ಪಾದಗಳಿದ್ದ ಜಾಗದಲ್ಲಿ ಈಗ ನನ್ನ ಪಾದಗಳಿದ್ದವು. ನಾಲ್ಕು ಕಾಲು. ಗಾಲಿಯಿಲ್ಲ. ಸ್ಪ್ರಿಂಗಿಲ್ಲ. ಹೊಸ ಸ್ಕ್ರೂ ಕೂಡ ಇಲ್ಲ. ಕಿತ್ತ ಜಾಗ ಯಾವುದೆಂದು ಮುರಿದ ನನಗೇ ಸಿಗಲಿಲ್ಲ. ನನ್ನ ಸಂಶಯ ಇಮ್ಮಡಿಯಾಯಿತು.

"ಕಾಕಾ, ಖರೇ ಹೇಳ್ರಿ. ಏನ ಮಾಡೀರಿ?"

"ಏನೂ ಮಾಡಿಲ್ಲ."

"ಐದ ದಿನಾ ಬಾಗಲಾ ಹಾಕ್ಕೊಂಡ ಕುಂತಿದ್ರಿ."

"ಏನೂ ಮಾಡದಂಗ ಮಾಡಾಕ ಐದ ದಿನಾ ಬೇಕಾತು" ಎಂದರು ಕಾಕಾ. "ಕಾಲ ಕೂಡಿಸೂದು ಒಂದ ತಾಸಿನ ಕೆಲಸಾ. ಆದ್ರ ಹೊಸಾ ಅಂಟಿಗೆ ಅದು ಬಿಗದು ನಿಂತು, ಮಾತ ಬಿಟ್ಟಬಿಡ್ತು. ತುಸು ತಿಕ್ಕಿದೆ, ಟಪ್ ಅಂತು. ಮತ್ತ ತಿಕ್ಕಿದೆ, ಟೊಕ್ ಅಂತು. ಅಣ್ಣಂದು ಕಟಕ್ ಅಂತಿತ್ತು."

ಕಿಸೆಯಿಂದ ಆ ನೋಟ್‌ಬುಕ್ ತೆಗೆದು ನನ್ನ ಕೈಗಿಟ್ಟರು. ಒಂದು ಪುಟದಲ್ಲಿ ಕುರ್ಚಿಯ ಚಿತ್ರ. ಒಂದೊಂದು ಕಾಲಿನ ಅಳತೆ. ಗಿಡ್ಡ ಕಾಲಿನ ಪಕ್ಕದಲ್ಲಿ, 'ಪೋಸ್ಟ್‌ಕಾರ್ಡ್ ಎರಡು ಮಡಿಕೆ, ಬಿಗಿಯಾಗಿ.' ಕೆಳಗೆ, 'ಬಲಗೈ ಒತ್ತಿದರೆ ಸಪ್ಪಳ ಸಣ್ಣದು. ವೈನಿ ಒತ್ತುವುದು ಎಡಗೈ.'

"ಆ ಕಾಲಿನ ಕೀಲ ಸಡಿಲಾಗಿದ್ದ ನನಗ ಗೊತ್ತಿತ್ತು" ಎಂದರು. "ಇಂದಲ್ಲ ನಾಳೆ ಮುರೀತದ. ಮುರದ ಮ್ಯಾಲೆ ಅಳತಿ ಎಲ್ಲಿ ಹುಡಕೂದು?"

ನಾನು ಕುರ್ಚಿಯ ಎಡಗೈ ಒತ್ತಿದೆ. ಕಟಕ್ ಎಂದಿತು. ಅದು ಮೊದಲಿನ ಸಪ್ಪಳವೇ ಹೌದೋ ಅಲ್ಲವೋ ಹೇಳುವ ಕಿವಿ ನನಗಿರಲಿಲ್ಲ. ಹೇಳಬಲ್ಲವಳು ಒಬ್ಬಳೇ. ಅವಳು ಧಾರವಾಡದಿಂದ ಬಸ್ಸಿನಲ್ಲಿ ಬರುತ್ತಿದ್ದಳು.

ಅವ್ವ ಐದಕ್ಕೆ ಹತ್ತು ನಿಮಿಷವಿದ್ದಾಗ ಬಂದಳು. ಕಾಲು ತೊಳೆದಳು. "ಮನ್ಯಾಗ ಎಲ್ಲಾ ಛಲೋ ಅದ ಇಲ್ಲೊ?" ಎಂದಳು. ನಾನು "ಹೂಂ" ಎಂದದ್ದು ಬೇಕಾದದ್ದಕ್ಕಿಂತ ಗಟ್ಟಿಯಾಯಿತು. ಅವಳು ನನ್ನನ್ನೊಮ್ಮೆ, ಕಿಟಕಿಯ ಬಳಿ ನಿಂತ ಮೈದುನನನ್ನೊಮ್ಮೆ ನೋಡಿ ಅಡುಗೆಮನೆಗೆ ಹೋದಳು. ಡಬ್ಬಿಗಳನ್ನು ಸರಿಸಿಡುವ ಸಪ್ಪಳ ಕೇಳತೊಡಗಿತು. ಎಂಟು ದಿನ ಸೊಸೆ ಇಟ್ಟ ಡಬ್ಬಿಗಳು ತಮ್ಮ ತಮ್ಮ ಜಾಗಕ್ಕೆ ಹೋಗುತ್ತಿದ್ದವು.

ಆಗ ಕಾಕಾ, ಅಣ್ಣನ ಎದುರಿಗೆ ಎಂದೂ ಮೇಲೆ ಕೂಡದ ಕಾಕಾ, ಅಣ್ಣ ಹೋದ ಮೇಲೂ ಈ ಪಡಸಾಲೆಯಲ್ಲಿ ಆ ಕುರ್ಚಿಯ ಕೆಳಗೆ ಮಲಗಿದ್ದರೇ ಹೊರತು ಮೇಲೆ ಕೂಡದ ಕಾಕಾ, ಮೆಲ್ಲಗೆ ಹೋಗಿ ಅದರಲ್ಲಿ ಕೂತರು.

ಕಟಕ್.

ಒಳಗೆ ಡಬ್ಬಿಗಳ ಸಪ್ಪಳ ನಿಂತಿತು. ನಾನು ಹೆಂಡತಿಯ ಮುಖ ನೋಡಿದೆ, ಅವಳು ನೆಲ ನೋಡಿದಳು. ಕಾಕಾ ಕುರ್ಚಿಯ ಎರಡೂ ಕೈಗಳನ್ನು ಹಿಡಿದುಕೊಂಡು, ಫಲಿತಾಂಶಕ್ಕೆ ಕಾಯುವ ಹುಡುಗರು ಕೂಡುವಂತೆ ಕೂತಿದ್ದರು. ಗಡಿಯಾರ, ನಾನೇ ಸೆಲ್ ಹಾಕಿದ ಆ ಗಡಿಯಾರ, ಮನಸ್ಸಿಗೆ ಬಂದಷ್ಟು ಸಪ್ಪಳ ಮಾಡಿತು. ಆಮೇಲೆ ಒಳಗೆ ಪಾತ್ರೆಗೆ ನೀರು ಬಿದ್ದದ್ದು ಕೇಳಿಸಿತು. ಗ್ಯಾಸಿನ ಒಲೆ ಹೊತ್ತಿತು.

ಚಹಾ ತೆಗೆದುಕೊಂಡು ಅವ್ವ ಹೊರಗೆ ಬಂದಳು. ಒಂದೇ ಕಪ್ಪು ಇತ್ತು. ಕುರ್ಚಿಯ ಮುಂದೆ ನಿಂತಳು.

"ಎಂಟ ದಿನಾ ಒರಸಿದ್ದಿಲ್ಲ. ಧೂಳಾ ಭಾಳ ಆಗಿತ್ತೇನು?"

"ಇಲ್ಲರಿ ವೈನಿ" ಎಂದರು ಕಾಕಾ. "ಒರಸೇನ ಕುಂತೇನಿ."

"ಸಕ್ಕರಿ ತುಸು ಜಾಸ್ತಿ ಆಗೇತಿ. ಕೈ ತಪ್ಪಿ ನಿಮ್ಮಣ್ಣಗ ಹಾಕೂವಷ್ಟ ಹಾಕಿಬಿಟ್ಟೆ."

"ಇರಲಿರಿ."

ಕಾಕಾ ಕಪ್ಪನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಕಪ್ಪಿನ ಕಿವಿ ಒಂದೇ ಕಡೆ ಏಕಿದೆ, ಅದರ ಕೆಳಗಿನ ಬಸಿಯ ನಡುವೆ ತಗ್ಗು ಯಾರ ಸಂಚು, ಎಂದು ಅಂದು ಅವರು ಕೇಳಲಿಲ್ಲ. ಸುಮ್ಮನೆ ಕುಡಿದರು. ಅವ್ವ ಒಳಗೆ ಹೋದಳು.

ಕಪ್ಪು ಬರಿದಾಯಿತು. ಕಿಟಕಿಯ ಬಿಸಿಲು ಕುರ್ಚಿಯ ಕೈಯಿಂದ ನೆಲಕ್ಕೆ ಇಳಿಯಿತು, ನೆಲದಿಂದ ಗೋಡೆಗೆ ಹೋಯಿತು. ಎಲ್ಲಿಯೂ ಹದಿನೈದು ನಿಮಿಷ ನಿಲ್ಲದ ಮನುಷ್ಯ ಕೂತೇ ಇದ್ದರು. ಅಡುಗೆಮನೆಯಲ್ಲಿ ಯಾವ ಕೆಲಸದ ಸಪ್ಪಳವೂ ಇರಲಿಲ್ಲ. ಅವ್ವನೂ ಅಲ್ಲಿ ಸುಮ್ಮನೆ ನಿಂತಿದ್ದಳೆಂದು ಕಾಣುತ್ತದೆ. ಎದ್ದರೆ ಕುರ್ಚಿ 'ಟಕ್' ಎನ್ನುತ್ತದೆ, ಹಿಂದೆ ಅವ್ವ 'ಹೊಂಟ್ರೇನು?' ಎಂದು ಕೇಳುತ್ತಿದ್ದ ಸಪ್ಪಳ. ಆ ಸಪ್ಪಳವನ್ನೂ ಕಾಕಾ ಅಷ್ಟೇ ಕರಾರುವಾಕ್ಕಾಗಿ ಕೂಡಿಸಿಟ್ಟಿದ್ದರು. ಅದಕ್ಕೇ ಇರಬೇಕು, ಬಹಳ ಹೊತ್ತು ಅವರು ಏಳಲಿಲ್ಲ.